47 ವಯಸ್ಸಲ್ಲಿ ಕೆಲಸ ಹೋಯ್ತು, ಜಾವಾ ಬಿಟ್ಟು ಮಷೀನ್ ಲರ್ನಿಂಗ್ ಕಲೀಬೇಕಾ?

ವಿಜಯನಗರದವ: 20 ವರ್ಷದಿಂದ ಜಾವಾ ಪ್ರೋಗ್ರಾಮಿಂಗ್, ಪೂರ್ತಿ ಬ್ಯಾಂಕಿಂಗ್ ಪ್ರಾಜೆಕ್ಟುಗಳೇ, ಕೊನೇವರೆಗೂ ಜಾವಾ 8, ಸ್ಟ್ರಟ್ಸ್ 1 (ಜಾವಾದಲ್ಲಿ ವೆಬ್ ಆ್ಯಪ್ ಕಟ್ಟೋ ಹಳೇ ಫ್ರೇಮ್‌ವರ್ಕ್), ಒರಾಕಲ್ ಡೇಟಾಬೇಸ್. ಈಗ ಟೀಮನ್ನೇ ಎತ್ತಿಬಿಟ್ರು, ನೋಟಿಸ್ ಪೀರಿಯಡ್‌ನಲ್ಲಿದೀನಿ. ನೌಕ್ರಿ ಪೋರ್ಟಲ್‌ನಲ್ಲಿ ಪ್ರೊಫೈಲ್ ನೋಡಿ ಕಾಲ್ ಮಾಡ್ತಾರೆ, ಎಕ್ಸ್‌ಪೀರಿಯನ್ಸ್ ಎಷ್ಟು ಅಂತಾರೆ, ಹೇಳಿದ್ ತಕ್ಷಣ "ತಿಳಿಸ್ತೀವಿ ಸರ್". ಮಗಳು ಸೆಕೆಂಡ್ ಪಿಯು, ಹೋಮ್ ಲೋನ್ ಬೇರೆ ಇದೆ. ಮಷೀನ್ ಲರ್ನಿಂಗ್ ಕೋರ್ಸಿಗೆ ಒಂದು ಇನ್‌ಸ್ಟಿಟ್ಯೂಟ್‌ನೋರು ಎರಡೂವರೆ ಲಕ್ಷ ಕೇಳ್ತಿದಾರೆ, ಸೇರ್ಲಾ?

ಬ್ಯಾಕೆಂಡ್_ಬಸವ: ದಯವಿಟ್ಟು ಆ ದುಡ್ಡು ಕಟ್ಬೇಡಿ ಸರ್. ಅಲ್ಲಿ ನೀವು ಫ್ರೆಷರ್ ಜೊತೆ ಪೈಪೋಟಿ ಮಾಡ್ಬೇಕಾಗುತ್ತೆ, ಇಪ್ಪತ್ತು ವರ್ಷ ಲೆಕ್ಕಕ್ಕೇ ಬರಲ್ಲ. ನಿಮ್ಗೆ ಗೊತ್ತಿರೋ ಹಳೇ ಜಾವಾನ ಹೊಸದಕ್ಕೆ ತರೋ ಕೆಲಸ ಬ್ಯಾಂಕುಗಳಲ್ಲಿ ಇನ್ನೂ ಬಾಕಿ ಇದೆ. ಸ್ಟ್ರಟ್ಸ್ ಜಾಗದಲ್ಲಿ ಬಳಸೋ ಫ್ರೇಮ್‌ವರ್ಕ್ ಸ್ಪ್ರಿಂಗ್ ಬೂಟ್ 3ಕ್ಕೆ ಕನಿಷ್ಠ ಜಾವಾ 17 ಬೇಕು, ನೀವು ನೇರ 21ಕ್ಕೇ ಹೋಗಿ, ವರ್ಚುಯಲ್ ಥ್ರೆಡ್ಸ್ (ಒಟ್ಟಿಗೆ ಸಾವಿರಾರು ಕೆಲಸ ಹಗುರವಾಗಿ ನಡೆಸೋ ಸೌಲಭ್ಯ) ಅದರಲ್ಲೇ ಬಂದಿದ್ದು. ಒಂದು ಸಣ್ಣ ಸ್ಟ್ರಟ್ಸ್ ಆ್ಯಪ್ ತಗೊಂಡು ಕನ್ವರ್ಟ್ ಮಾಡಿ, ಕೋಡ್ ಇಡೋ ಸೈಟ್ ಗಿಟ್‌ಹಬ್‌ಗೆ ಹಾಕಿ, ಆಫೀಸ್ ಕೋಡ್ ಮಾತ್ರ ಮುಟ್ಬೇಡಿ. ಕೋಡ್‌ನಲ್ಲಿ ಬರೋ ಪ್ಯಾಕೇಜ್ ಹೆಸರುಗಳಲ್ಲಿ ಜಾವಾಎಕ್ಸ್ ಸರ್ವ್ಲೆಟ್, ಪರ್ಸಿಸ್ಟೆನ್ಸ್ ಎಲ್ಲಾ ಜಕಾರ್ತಾ ಆಗಿದೆ ಆದ್ರೆ ಜಾವಾಎಕ್ಸ್ ಎಸ್‌ಕ್ಯುಎಲ್ ಹಾಗೇ ಇದೆ, ಕಣ್ಮುಚ್ಚಿ ಫೈಂಡ್ ರೀಪ್ಲೇಸ್ ಹೊಡೆದ್ರೆ ಬಿಲ್ಡೇ ಆಗಲ್ಲ. ಇಂಥದ್ದನ್ನ ಮಾಡಿ ನೋಡಿದೋರು ಇಂಟರ್ವ್ಯೂಲಿ ಬಾಯ್ಬಿಟ್ಟ ಕೂಡ್ಲೇ ಗೊತ್ತಾಗುತ್ತೆ.

ಮಲ್ನಾಡ್_ಹುಡ್ಗಿ: ಕೋರ್ಸ್ ಬೇಡ ಅನ್ನೋದು ಸರಿ, ಆದ್ರೆ ಎಐ ಕಡೆ ತಿರುಗಿಯೂ ನೋಡದೇ ಇದ್ರೆ ಆಗಲ್ಲ. ಕೋಡ್ ಬರೆದುಕೊಡೋ ಕೋಪೈಲಟ್ ಥರದ ಎಐ ಟೂಲನ್ನ ದಿನಾ ಬಳಸಿ, ಅದು ಬರೆದದ್ದನ್ನ ಓದಿ ತಪ್ಪು ಹಿಡೀರಿ. ಬಡ್ಡಿ ಲೆಕ್ಕಕ್ಕೆ ಜಾವಾದ 'ಡಬಲ್' ಅನ್ನೋ ಅಂದಾಜು ಸಂಖ್ಯೆ ಟೈಪ್ ಹಾಕಿದ್ರೆ ಪೈಸೆ ತಾಳೆ ಆಗಲ್ಲ, ನಿಖರ ಲೆಕ್ಕ ಇಡೋ ಬಿಗ್‌ಡೆಸಿಮಲ್ಲೇ ಬೇಕು, ರೌಂಡಿಂಗ್ ಎಲ್ಲಿ ಮಾಡ್ಬೇಕು ಅನ್ನೋದು ನಿಮ್ಗೆ ಗೊತ್ತು, ಎರಡು ವರ್ಷ ಎಕ್ಸ್‌ಪೀರಿಯನ್ಸ್ ಇರೋ ಹುಡುಗರಿಗೆ ಗೊತ್ತಿರಲ್ಲ. ರೆಸ್ಯೂಮೆ ಮೇಲ್ಗಡೆ ಅದನ್ನ ಬರೀರಿ, ಟೂಲ್‌ಗಳ ಪಟ್ಟಿ ಕೆಳಗಿರಲಿ. ಮತ್ತೆ ಪೋರ್ಟಲ್ ನೆಚ್ಕೊಂಡು ಕೂರ್ಬೇಡಿ, ಹಳೇ ಕಲೀಗ್‌ಗಳಿಗೆ ಫೋನ್ ಮಾಡಿ, ನಮ್ಮ ವಯಸ್ಸಿಗೆ ರೆಫರಲ್ಲೇ ಗತಿ.

ಲೆಕ್ಕದ_ಮೇಷ್ಟ್ರು: ಒಂದು ಅರ್ಜೆಂಟ್ ವಿಷ್ಯ. ಕೊನೇ ದಿನಕ್ಕೆ ಮುಂಚೆನೇ ಎಚ್ಆರ್ ಹತ್ರ ಕೇಳಿ ಗ್ರೂಪ್ ಹೆಲ್ತ್ ಇನ್ಶೂರೆನ್ಸನ್ನ ಅದೇ ಇನ್ಶೂರೆನ್ಸ್ ಕಂಪನಿಯ ಇಂಡಿವಿಜುವಲ್ ಪಾಲಿಸಿಗೆ ಬದಲಾಯಿಸೋಕೆ ಅರ್ಜಿ ಹಾಕಿ. ಬಿಪಿ ಶುಗರ್ ಇದ್ರಂತೂ ಬಿಡ್ಲೇಬೇಡಿ, ಇಲ್ಲಾಂದ್ರೆ ವೇಯ್ಟಿಂಗ್ ಪೀರಿಯಡ್ (ಮೊದಲೇ ಇರೋ ಕಾಯಿಲೆಗೆ ಕ್ಲೇಮ್ ಸಿಗದ ಅವಧಿ) ಮತ್ತೆ ಮೊದಲಿಂದ. ಈ ಕಂಪನೀಲಿ ಐದು ವರ್ಷ ಆಗಿದ್ರೆ ಗ್ರಾಚ್ಯುಟಿ 30 ದಿನದೊಳಗೆ ಕೊಡ್ಬೇಕು, ಕೇಳೋಕೆ ಸಂಕೋಚ ಬೇಡ.

ವಿಜಯನಗರದವ: ಎಲ್ರಿಗೂ ತುಂಬಾ ಥ್ಯಾಂಕ್ಸ್. ಇನ್ಶೂರೆನ್ಸ್ ವಿಷ್ಯ ತಲೇಲೇ ಇರ್ಲಿಲ್ಲ, ನಾಳೆನೇ ಮೇಲ್ ಹಾಕ್ತೀನಿ. ಬಸವ, ಸ್ಟ್ರಟ್ಸ್ ಆ್ಯಕ್ಷನ್ ಕ್ಲಾಸ್‌ಗಳನ್ನ (ರಿಕ್ವೆಸ್ಟ್‌ಗೆ ಉತ್ತರ ಕೊಡೋ ಕೋಡ್) ತಾನಾಗೇ ಕೋಡ್ ಬದಲಾಯಿಸೋ ಟೂಲ್ ಓಪನ್‌ರೀರೈಟ್‌ಗೆ ಬಿಡ್ಲಾ, ಕೈಯಲ್ಲೇ ಬರೀಲಾ?

ಬ್ಯಾಕೆಂಡ್_ಬಸವ: ಜಕಾರ್ತಾ ಬದಲಾವಣೆ ಅದಕ್ಕೆ ಬಿಡಿ, ಆ್ಯಕ್ಷನ್ ಕ್ಲಾಸ್ ಜಾಗಕ್ಕೆ ಬರೋ ಕಂಟ್ರೋಲರ್ ಕೈಯಲ್ಲೇ ಬರೀರಿ. ಮೊದಲು ಟೆಸ್ಟ್ ಬರೀರಿ.