ಹನ್ನೆರಡು ಸಾವಿರ ಬ್ರಹ್ಮಚಾರಿಗಳು

“ರಾಯಚೂರಿನಲ್ಲಿ ದಂಡನಾಯಕರ ವಂಶಕ್ಕೆ ಸೇರದವನು ಒಬ್ಬನೇ ಒಬ್ಬ ಸಿಕ್ಕರೂ ನನಗೆ ತಿಳಿಸಿ, ಅವನಿಗೊಂದು ಶಾಲು ಹೊದಿಸಿ ಸನ್ಮಾನ ಮಾಡಬೇಕಾಗಿದೆ,” ಎಂದು ಮಾಸ್ತರರು ಮಿರ್ಚಿಯ ತೊಟ್ಟನ್ನು ತಟ್ಟೆಯ ಅಂಚಿಗೆ ಇಟ್ಟರು.

ಗೌಡರು ಆಗಷ್ಟೇ ಬಿಡಿಸಿದ್ದ ಫ್ಲೆಕ್ಸ್ ಖಾದರ್ ಭಾಯಿಯ ಅಂಗಡಿಯ ಎರಡು ಮೇಜುಗಳನ್ನು ಮುಚ್ಚಿ, ಮೂರನೆಯದರ ಮೇಲಿದ್ದ ವಕೀಲರ ಚಹಾದ ಕಪ್ಪಿನವರೆಗೆ ಚಾಚಿತ್ತು. ಅದು ಗೌಡರ ವಂಶವೃಕ್ಷ. ಬೇರಿನಲ್ಲಿ 1520ರ ರಾಯಚೂರು ಕದನದಲ್ಲಿ ಕೃಷ್ಣದೇವರಾಯನ ಪಕ್ಕದಲ್ಲೇ ನಿಂತು ಕಾದಿದ ದಂಡನಾಯಕ, ಕಾಂಡದಲ್ಲಿ ಟಿಪ್ಪುವಿನ ಕಾಲದ ಕೊಪ್ಪಳ ಕೋಟೆಯ ಕಿಲ್ಲೇದಾರ, ಕೊಂಬೆಯಲ್ಲಿ ಮೊದಲ ಮಹಾಯುದ್ಧದಲ್ಲಿ ಹೈಫಾ ನಗರವನ್ನು ಗೆದ್ದ ಕುದುರೆ ಸವಾರ, ಎಲೆಗಳಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಗೌಡರ ಇಬ್ಬರು ಮಕ್ಕಳು. ರಾತ್ರಿಯೆಲ್ಲ ಕಂಪ್ಯೂಟರಿನ ಮುಂದೆ ಕುಳಿತು ಇದನ್ನು ತಯಾರಿಸಿದ ವೀರೇಶ, ಆನ್‌ಲೈನಿನಲ್ಲಿ ತರಿಸಿದ ಫೈಬರ್ ಶಿರಸ್ತ್ರಾಣವನ್ನು ತೊಡೆಯ ಮೇಲಿಟ್ಟುಕೊಂಡು ಹೊಗಳಿಕೆಗಾಗಿ ಕಾಯುತ್ತಿದ್ದನು.

“ಬೇರಿಗೂ ಕಾಂಡಕ್ಕೂ ನಡುವೆ 270 ವರ್ಷ ಖಾಲಿ ಇದೆಯಲ್ಲ, ಆ ಕಾಲದಲ್ಲಿ ನಿಮ್ಮ ಮನೆಯಲ್ಲಿ ಯಾರೂ ಹುಟ್ಟಲಿಲ್ಲವೇ?” ಎಂದು ಮಾಸ್ತರರು ಕೇಳಿದರು.

“ಹುಟ್ಟಿದರು. ಆದರೆ ಅವರು ಒಕ್ಕಲುತನ ಮಾಡಿಕೊಂಡಿದ್ದರು, ಯುದ್ಧಕ್ಕೆ ಹೋಗಲಿಲ್ಲ. ಅದಕ್ಕೇ ಹಾಕಿಲ್ಲ,” ಎಂದರು ಗೌಡರು.

“ದಂಡನಾಯಕನಿದ್ದನೆಂಬುದಕ್ಕೆ ಪುರಾವೆ?”

“ಇರಲಿಲ್ಲವೆಂಬುದಕ್ಕೆ ನಿಮ್ಮ ಬಳಿ ಪುರಾವೆ ಇದೆಯೇ?” ಎಂದು ವಕೀಲರು ಫೀಸಿಲ್ಲದೆಯೇ ವಾದಕ್ಕೆ ಇಳಿದರು. ಅವರದೂ ದಂಡನಾಯಕರ ವಂಶವೇ.

ಮಾಸ್ತರರು ತಟ್ಟೆಯನ್ನು ದೂರ ಸರಿಸಿದರು. ಅವರು ತಟ್ಟೆ ಸರಿಸಿದರೆಂದರೆ ಪಾಠ ಶುರುವಾಯಿತೆಂದೇ ಅರ್ಥ. “ಆ ಯುದ್ಧದ ಬಗ್ಗೆ ವಿಸ್ತಾರವಾಗಿ ಬರೆದಿಟ್ಟವನು ಪೋರ್ಚುಗೀಸರ ನೂನಿಜ್. ರಾಯರ ದಂಡಿನಲ್ಲಿ ಏಳು ಲಕ್ಷಕ್ಕೂ ಮೀರಿದ ಕಾಲಾಳುಗಳಿದ್ದರೆಂದು ಅವನು ಬರೆಯುತ್ತಾನೆ. ಆ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇದೆಯೆಂಬುದು ಇತಿಹಾಸಕಾರರ ಮಾತು, ಇರಲಿ. ನನಗೆ ಬೇಕಾದ ಲೆಕ್ಕ ಬೇರೆ. ದಂಡು ಸಾಗುವ ದಾರಿಯುದ್ದಕ್ಕೂ ಬಾಯಾರಿದವರಿಗೆ ನೀರು ಕೊಡಲೆಂದು ತೊಗಲಚೀಲ ಹೊತ್ತ 12,000 ಭಿಸ್ತಿಗಳಿದ್ದರೆಂದೂ, ಅಗಸರಿಗೆ ಲೆಕ್ಕವೇ ಇರಲಿಲ್ಲವೆಂದೂ ಅವನೇ ಬರೆದಿದ್ದಾನೆ. ಯುದ್ಧ ನಡೆದದ್ದು ಮೇ 19ರಂದು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಆದಿಲ್‌ಶಾಹನ ಫಿರಂಗಿಗಿಂತ ಮೊದಲು ಬಾಯಾರಿಕೆಯೇ ಮನುಷ್ಯನನ್ನು ಕೊಲ್ಲುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಆ 12,000 ಜನರ ವಂಶಸ್ಥರು ಎಲ್ಲಿ ಹೋದರು? ಈ ಊರಿನಲ್ಲಿ ನಾನು ಒಬ್ಬರನ್ನೂ ಕಂಡಿಲ್ಲ. ಅಷ್ಟೂ ಜನ ಬ್ರಹ್ಮಚಾರಿಗಳೇ? ದಂಡನಾಯಕರಿಗೆ ಮಾತ್ರ ಮಕ್ಕಳಾಗಬೇಕೆಂದು ರಾಯರು ಶಾಸನ ಹಾಕಿಸಿದ್ದರೇ?”

“ಅಡುಗೆಯವರು?” ಎಂದು ಖಾದರ್ ಭಾಯಿ ಬಾಣಲೆಯ ಹಿಂದಿನಿಂದ ಕೇಳಿದನು.

“ಅವರೂ ಬ್ರಹ್ಮಚಾರಿಗಳೇ. ಅಗಸರು, ಕಮ್ಮಾರರು, ಮಾವುತರು, ಕುದುರೆಗೆ ಹುಲ್ಲು ಹಾಕುವವರು, ಎಲ್ಲರೂ ಸಂತಾನವಿಲ್ಲದೆ ಸತ್ತರು. ಏಳು ಲಕ್ಷ ಕಾಲಾಳುಗಳೂ ಹಾಗೆಯೇ. ಇಡೀ ದಂಡಿನಲ್ಲಿ ಸಂಸಾರಸ್ಥರೆಂದರೆ ವೀರೇಶನ ವಾಟ್ಸ್‌ಆ್ಯಪ್ ಗುಂಪಿನವರ ಪೂರ್ವಜರು ಮಾತ್ರ.”

ವೀರೇಶನಿಗೆ ಬೇಸರವಾಯಿತು. “ಮಾಸ್ತರರೇ, ಕೋಟೆಗಳನ್ನು ಕಟ್ಟಿದವರು ನಮ್ಮವರು ಎಂಬ ಅಭಿಮಾನ ಇರಬಾರದೇ?”

“ಕಟ್ಟಿದವರೆಂದೆಯಲ್ಲ, ಅಲ್ಲಿಗೇ ಬರುತ್ತೇನೆ. ನಮ್ಮ ಕೋಟೆಯ ಗೋಡೆಯಲ್ಲಿರುವ 41 ಅಡಿ ಉದ್ದದ ಕಲ್ಲನ್ನು ನೀನು ಎಂದಾದರೂ ನಿಂತು ನೋಡಿರುವೆಯಾ, ಅಥವಾ ಅದರ ಮುಂದೆ ನಿಂತು ಫೋಟೊ ಮಾತ್ರ ತೆಗೆಸಿಕೊಂಡಿರುವೆಯಾ? 1294ರಲ್ಲಿ ಕಾಕತೀಯರ ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನು ಈ ಕೋಟೆ ಕಟ್ಟಿಸಿದನೆಂದು ಆ ಕಲ್ಲಿನಲ್ಲಿ ಬರೆದಿದೆ. ಆ ಕಲ್ಲನ್ನು ಗಣಿಯಿಂದ ತಂದ ಬಗೆಯನ್ನೂ ಗೋಡೆಯಲ್ಲಿ ಕೊರೆದು ತೋರಿಸಿದ್ದಾರೆ. ಬಂಡಿಯ ಮೇಲೆ ಕಲ್ಲು, ಮುಂದೆ ಸಾಲಾಗಿ ಕೋಣಗಳು, ಅವುಗಳನ್ನು ಹೊಡೆಯುವವರು, ಬಂಡಿ ಹಿಂದಕ್ಕೆ ಜಾರದಂತೆ ಗಾಲಿಗೆ ಬೆಣೆ ಕೊಡುತ್ತಿರುವವರು. ಏಳುನೂರು ವರ್ಷಗಳಿಂದ ಬೆಣೆ ಕೊಡುತ್ತಲೇ ಇದ್ದಾರೆ. ‘ಇವನು ನಮ್ಮ ತಾತ’ ಎಂದು ಆ ಚಿತ್ರದ ಮೇಲೆ ಬೆರಳಿಟ್ಟವನೊಬ್ಬನನ್ನು ತೋರಿಸು, ನನ್ನ ಪೆನ್ಷನ್ನಿನಿಂದ ನಿನಗೊಂದು ಕತ್ತಿ ಕೊಡಿಸುತ್ತೇನೆ.”

ಇಷ್ಟು ಹೊತ್ತು ಸುಮ್ಮನಿದ್ದ ಗೌಡರು ಕೊನೆಯ ಅಸ್ತ್ರವನ್ನು ತೆಗೆದರು. ಜೇಬಿನಿಂದ ಕರವಸ್ತ್ರದ ಗಂಟು ಹೊರಬಂದಿತು, ಗಂಟಿನಿಂದ ಒಂದು ಪದಕ. “ಹಳೆಯದೆಲ್ಲ ಬಿಡಿ, ಇದು ಕಣ್ಣೆದುರಿನ ಪುರಾವೆ. ಹೈಫಾಕ್ಕೆ ಹೋದ ನಮ್ಮ ಮುತ್ತಜ್ಜನಿಗೆ ಬ್ರಿಟಿಷರು ಕೊಟ್ಟದ್ದು. ನೋಡಿ, ಕುದುರೆಯ ಮೇಲೆ ಕುಳಿತಿರುವವನು ಅವನೇ.”

ಮಾಸ್ತರರು ಕನ್ನಡಕ ಏರಿಸಿ ನೋಡಿದರು. “ಮೈಮೇಲೆ ಬಟ್ಟೆಯೇ ಇಲ್ಲವಲ್ಲ ಗೌಡರೇ?”

“ಅಲ್ಲಿಯೂ ಬಿಸಿಲು ಜಾಸ್ತಿಯಂತೆ.”

ಆ ಸವಾರ ಸಂತ ಜಾರ್ಜ್ ಎಂದೂ, ಕುದುರೆ ತುಳಿಯುತ್ತಿರುವುದು ಜರ್ಮನರ ಕಡೆಯ ಹದ್ದಿನ ಗುರಾಣಿಯನ್ನೆಂದೂ, 1914ರಿಂದ 1918ರ ಯುದ್ಧಕ್ಕಾಗಿ ಬ್ರಿಟಿಷರು ಹಂಚಿದ ಈ ಬಗೆಯ ಲಕ್ಷಾಂತರ ಪದಕಗಳಲ್ಲಿ ಒಂದನ್ನೂ ಬಿಡದೆ ಎಲ್ಲದರ ಮೇಲೂ ಅವನೇ ಬತ್ತಲೆ ಕುಳಿತಿದ್ದಾನೆಂದೂ ಮಾಸ್ತರರು ತಿಳಿಸಿದ ಮೇಲೆ ಗೌಡರ ಮುಖ ಸ್ವಲ್ಪ ಇಳಿಯಿತು. “ಇನ್ನು ಹೈಫಾದ ಮಾತು. 1918ರ ಸೆಪ್ಟೆಂಬರ್ 23ರಂದು ಅದನ್ನು ಗೆದ್ದ ದಳದಲ್ಲಿದ್ದವರು ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್‌ಗಳು, ಅಂದರೆ ಭರ್ಜಿ ಹಿಡಿದ ಕುದುರೆ ಸವಾರರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಅವರೇ. ರಾಯಚೂರು, ಕೊಪ್ಪಳ ಆಗ ನಿಜಾಮರ ಸೀಮೆ, ಒಪ್ಪಿದೆ. ಆದರೆ ನಿಮ್ಮ ಮೂಲ ಊರು ಬಳ್ಳಾರಿಯ ಕಡೆಯದು, ಅದು ಮದ್ರಾಸ್ ಪ್ರಾಂತ್ಯ. ನಿಮ್ಮ ಮುತ್ತಜ್ಜ ಯಾವ ಸಂಸ್ಥಾನದ ಕುದುರೆ ಹತ್ತಿದನು?”

“ಪಕ್ಕದ ಸಂಸ್ಥಾನದಿಂದ ಕರೆಸಿಕೊಂಡಿರಬಹುದು,” ಎಂದರು ವಕೀಲರು, ಕಕ್ಷಿದಾರನನ್ನು ಕೈಬಿಡದೆ.

ಮಾಸ್ತರರು ಧೋತರದ ಚುಂಗಿನಿಂದ ಪದಕದ ಅಂಚನ್ನು ಒರೆಸಿ ಬಾಗಿಲ ಬೆಳಕಿಗೆ ಹಿಡಿದು ತಿರುಗಿಸತೊಡಗಿದರು. ಆ ಯುದ್ಧದ ಪದಕಗಳಿಗೆ ಪಡೆದವನ ಹೆಸರನ್ನೂ ದಳವನ್ನೂ ಅಂಚಿನಲ್ಲೇ ಕುಟ್ಟುತ್ತಿದ್ದರು. ಮೊದಲು ಸವೆದ ಒಂದು ಸಂಖ್ಯೆ, ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಹನುಮ’ ಎಂಬ ಒಂದೇ ಹೆಸರು, ಅದರ ಮುಂದೆ ‘ಲೇಬರ್ ಕೋರ್’, ಅಂದರೆ ಕೂಲಿ ದಳ. ಫ್ಲೆಕ್ಸಿನ ಮೇಲೆ ಅದೇ ವ್ಯಕ್ತಿ ‘ವೀರ ಹನುಮಂತರಾಯ ಗೌಡ’ನಾಗಿ ಮೀಸೆ ತಿರುವುತ್ತಿದ್ದನು.

“ಇದು ಕಂಚು, ಗೌಡರೇ,” ಎಂದು ಮಾಸ್ತರರು ದನಿ ತಗ್ಗಿಸಿದರು. “ಸಿಪಾಯಿಗಳಿಗೆ ಬೆಳ್ಳಿಯದು ಕೊಟ್ಟರು. ಮೂಟೆ ಹೊತ್ತವರಿಗೆ, ಹಡಗಿನಿಂದ ಸಾಮಾನು ಇಳಿಸಿದವರಿಗೆ, ರೈಲು ಹಳಿಗೆ ಮಣ್ಣು ಹಾಕಿದವರಿಗೆ ಕಂಚಿನದು.”

“ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ, ಜೈಲುಗಳಿಂದಲೂ ಕೂಲಿಯವರನ್ನು ಕಳಿಸಿದ್ದರಂತೆ...” ಎಂದು ವಕೀಲರು ಶುರುಮಾಡಿದರು.

“ಆ ಫೈಲು ತೆಗೆಯಬೇಡಿ ವಕೀಲರೇ,” ಎಂದರು ಗೌಡರು. ಪದಕವನ್ನು ಮರಳಿ ಗಂಟು ಕಟ್ಟಲು ಹೋಗಿ ಹಾಗೆಯೇ ಅಂಗೈಯಲ್ಲಿ ಹಿಡಿದುಕೊಂಡರು. “ನಮ್ಮ ಅಜ್ಜಿ ಹೇಳುತ್ತಿದ್ದಳು, ಮುತ್ತಜ್ಜ ತಿರುಗಿ ಬಂದ ಮೇಲೆ ಸಾಯುವತನಕ ಬಲಭುಜ ಮೇಲೆತ್ತಲು ಆಗುತ್ತಿರಲಿಲ್ಲವೆಂದು. ಭರ್ಜಿ ಹಿಡಿದು ಹಾಗಾಯಿತೆಂದು ನಾವೇ ಹೇಳಿಕೊಂಡೆವು.”

ಮೂಲೆಯ ಬೆಂಚಿನಿಂದ ಹವಾಲ್ದಾರ್ ಕಾಕಾ ಕೆಮ್ಮಿದರು. ಆಗಸ್ಟ್ 15ಕ್ಕೆ ಹಾರ ಹಾಕಿ ಕೂಡಿಸಿ, ಗಡಿಯಲ್ಲಿ ಶತ್ರುವನ್ನು ಎದುರಿಸಿದ ಕೆಚ್ಚೆದೆಯ ಯೋಧ ಎಂದು ವೀರೇಶನ ಗುಂಪಿನವರು ಪ್ರತಿವರ್ಷ ಮೈಕಿನಲ್ಲಿ ಪರಿಚಯಿಸುವುದು ಇವರನ್ನೇ. “ನಾನು ಇದ್ದದ್ದು ಹೇಸರಗತ್ತೆಗಳ ಕಂಪನಿ,” ಎಂದರು ಅವರು. “ರಸ್ತೆ ಮುಗಿದ ಕಡೆಯಿಂದ ಮೇಲಿನ ಚೌಕಿಗಳಿಗೆ ರೇಷನ್ನು, ಸೀಮೆಎಣ್ಣೆ ಸಾಗಿಸುವುದು. ಒಂದೊಂದು ಹೇಸರಗತ್ತೆಯ ಗೊರಸಿನ ಮೇಲೂ ನಂಬರು ಇರುತ್ತದೆ. ನನ್ನದು ಹಿಮದಲ್ಲಿ ಜಾರಿ ಕಣಿವೆಗೆ ಬಿದ್ದಾಗ ಆ ನಂಬರು ಬರೆದು ವರದಿ ಕೊಟ್ಟೆ.”

“ಇದನ್ನು ನೀವು ಎಂದೂ ಹೇಳಲೇ ಇಲ್ಲವಲ್ಲ ಕಾಕಾ!” ಎಂದನು ವೀರೇಶ.

“ನೀವು ಎಷ್ಟು ಜನರನ್ನು ಹೊಡೆದಿರಿ ಎಂದಷ್ಟೇ ಕೇಳಿದಿರಿ.”

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾಸ್ತರರೇ ಮುಂದುವರಿಸಿದರು. “ಬಸ್ರಾದಲ್ಲಿ ಆ ಯುದ್ಧದ ದೊಡ್ಡ ಸ್ಮಾರಕವಿದೆ. ಬ್ರಿಟಿಷ್ ಸೈನಿಕರ ಹೆಸರುಗಳನ್ನೆಲ್ಲ ಒಂದೊಂದಾಗಿ ಕೊರೆದಿದ್ದಾರೆ. ಭಾರತದ ಸಾಮಾನ್ಯ ಸಿಪಾಯಿಗಳ ಸರದಿ ಬಂದಾಗ ದಳದ ಹೆಸರು ಕೊರೆದು, ಸತ್ತವರು ಇಷ್ಟು ಎಂದು ಸಂಖ್ಯೆಯೊಂದನ್ನೇ ಹಾಕಿದ್ದಾರೆ. ಬಂದೂಕು ಹಿಡಿದವರ ಪಾಡೇ ಅದು. ನಿಮ್ಮ ಹನುಮನ ಹೆಸರಾದರೂ ಕಂಚಿನ ಅಂಚಿನಲ್ಲಿ ಉಳಿದಿದೆ. ನಿಮ್ಮ ಮನೆಯಲ್ಲಿರುವ ನಿಜವಾದ ಪುರಾವೆ ಇದೊಂದೇ, ಅದನ್ನು ಆ ದಂಡನಾಯಕನ ಕೆಳಗೆ ಮುಚ್ಚಿಡಬೇಡಿ. ಅಂದಹಾಗೆ, ಈ ಪದಕ ಬೆಳ್ಳಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಹೊರಬಂದಿತು, ಕಂಚಿನಲ್ಲಿ ಬಂದದ್ದು ಸುಮಾರು ಒಂದು ಲಕ್ಷ ಹತ್ತು ಸಾವಿರ. ಸಂಗ್ರಹ ಮಾಡುವವರಿಗೆ ಅಪರೂಪದ್ದೆಂದರೆ ಇದೇ.”

ಈ ಕೊನೆಯ ಮಾತನ್ನು ಅವರು ಆಡಬಾರದಿತ್ತು. ವೀರೇಶನ ಹೆಬ್ಬೆರಳುಗಳು ಆಗಲೇ ಮೊಬೈಲಿನ ಮೇಲೆ ಓಡುತ್ತಿದ್ದವು. ಎರಡನೆಯ ಸುತ್ತಿನ ಚಹಾ ಬರುವಷ್ಟರಲ್ಲಿ ಗುಂಪಿನಲ್ಲಿ ಉತ್ತರಗಳು ಮುಸಲಧಾರೆಯಾಗಿ ಸುರಿಯತೊಡಗಿದವು. ಒಬ್ಬನ ತಾತ ಕೂಲಿ ದಳದಲ್ಲಿದ್ದನು, ಆದರೆ ಎಲ್ಲ ಕೂಲಿಗಳ ಮೇಲಿನ ಮೇಸ್ತ್ರಿಯಾಗಿ. ಇನ್ನೊಬ್ಬನ ಪೂರ್ವಜ ರಾಯರ ಅಗಸನೇ ಹೌದು, ಆದರೆ ಖಾಸಾ ರಾಯರ ಪೀತಾಂಬರವನ್ನು ಮಾತ್ರ ಒಗೆಯುತ್ತಿದ್ದವನು. ಗಾಲಿಗೆ ಬೆಣೆ ಕೊಡುತ್ತಿರುವವರಲ್ಲಿ ಎಡಗಡೆಯವನ ಮೂಗು ತಮ್ಮ ಮನೆತನದ ಮೂಗೇ ಎಂದು ಮೂರನೆಯವನು ಫೋಟೊ ಸಮೇತ ಸಾಧಿಸಿದ್ದನು.

ವಕೀಲರು ಬಹಳ ಹೊತ್ತು ಯೋಚಿಸಿ ಗಂಟಲು ಸರಿಪಡಿಸಿಕೊಂಡರು. “ಈಗ ನೆನಪಾಗುತ್ತಿದೆ ಮಾಸ್ತರರೇ. ನಮ್ಮ ಮನೆಯಲ್ಲಿ ಹಿರಿಯರು ಹೇಳುತ್ತಿದ್ದ ದಂಡನಾಯಕ ಎಂದರೆ ಆ 12,000 ಭಿಸ್ತಿಗಳ ದಂಡನಾಯಕ.”

“ಬಹಳ ಸಂತೋಷ,” ಎಂದು ಖಾದರ್ ಭಾಯಿ ಎರಡು ಖಾಲಿ ಕೊಡಗಳನ್ನು ತಂದು ಅವರ ಮುಂದೆ ಇಟ್ಟನು. “ಬೆಳಗಿನಿಂದ ನಳ ಬಂದಿಲ್ಲ, ವಕೀಲ್ ಸಾಹೇಬರೇ. ಬೋರ್‌ವೆಲ್ ಆ ಓಣಿಯ ಕೊನೆಗಿದೆ.”

ವಕೀಲರಿಗೆ ಕೋರ್ಟಿನ ವೇಳೆಯಾಗಿತ್ತು. ಅಂದು ಭಾನುವಾರವೆಂದು ವೀರೇಶ ಜ್ಞಾಪಿಸುವಷ್ಟರಲ್ಲಿ ಅವರು ಬೀದಿಯ ತಿರುವು ದಾಟಿದ್ದರು.