ಲೆಟ್ ಅಸ್ ವಾಕ್ಯ ಇನ್‌ಡೈರೆಕ್ಟ್ ಮಾಡಿದರೆ ಸೊನ್ನೆ! ಯಾಕೆ?

ತುಂಗಾತೀರ:
ತಲೆ ಕೆಟ್ಟುಹೋಗಿದೆ. ತಂಗಿ ಸೆಕೆಂಡ್ ಪಿಯುಸಿ. ಇಂಗ್ಲಿಷ್ ಪೇಪರ್‌ನಲ್ಲಿ ಇನ್‌ಡೈರೆಕ್ಟ್ ಸ್ಪೀಚ್ ಪ್ರಶ್ನೆ, ಅಂದರೆ ಒಬ್ಬರು ಆಡಿದ ಮಾತನ್ನು 'ಅವರು ಹೀಗಂದರು' ಅನ್ನೋ ಥರ ಬದಲಿಸಿ ಬರೆಯೋದು. ಲೆಟ್ ಅಸ್ ಬಂದರೆ 'ಪ್ರಪೋಸ್ಡ್ ದಟ್ ದೆ ಶುಡ್' ಅಂತ ಬರೆಯಬೇಕು ಅಲ್ವಾ? ಹಾಗೇ ಬರೆದಿದ್ದಾಳೆ. ಕೆಂಪು ಗೆರೆ ಎಳೆದು ಸೊನ್ನೆ ಕೊಟ್ಟಿದ್ದಾರೆ. ಲೆಕ್ಚರರ್‌ಗೇ ಗೊತ್ತಿಲ್ವಾ?

ಗ್ರಾಮರ್‌ಗುಂಡ:
'ದೆ' ಅಲ್ಲ, 'ವಿ' ಬೇಕಿತ್ತು. 'ಹಿ ಸೆಡ್ ಟು ಮಿ' ಇದ್ದರೆ ನಾನೂ ಸೇರುತ್ತೇನೆ, ಆಗ 'ವಿ'. 'ಹಿ ಸೆಡ್ ಟು ಹರ್' ಇದ್ದರೆ 'ದೆ'. ಎಲ್ಲರೂ ಎಡವುವುದು ಇಲ್ಲೇ.

ತುಂಗಾತೀರ:
ಮಿ ಇಲ್ಲವೇ ಇಲ್ಲ ಸರ್.

ಗ್ರಾಮರ್‌ಗುಂಡ:
ಸರಿಯಾಗಿ ನೋಡಿ. ಇದ್ದೇ ಇರುತ್ತದೆ.

ಮಲ್ಲಿಗೆಬಳ್ಳಿ:
ಪೂರ್ತಿ ವಾಕ್ಯ ಹಾಕಿ.

ಹಳೇರಟ್ಟು:
ಅಂದಹಾಗೆ ಶುಡ್ ಕಡ್ಡಾಯ ಅಲ್ಲ. 'ಸಜೆಸ್ಟೆಡ್ ದಟ್ ದೆ ಗೋ' ಸರಿ, ಅಮೆರಿಕದಲ್ಲಿ ಇದೇ ಜಾಸ್ತಿ. 'ಸಜೆಸ್ಟೆಡ್ ಗೋಯಿಂಗ್' ಕೂಡ ಸರಿ. 'ಸಜೆಸ್ಟೆಡ್ ಮಿ ಟು ಗೋ' ಮಾತ್ರ ಬೇಡ.

ಗ್ರಾಮರ್‌ಗುಂಡ:
ಅಮೆರಿಕದ್ದು ಇಲ್ಲಿಗೆ ತಂದು ಮಕ್ಕಳ ಅಂಕ ಕಳೆಯಬೇಡಿ. ಪರೀಕ್ಷೆಗೆ ಶುಡ್ ಬೇಕು.

ಹಳೇರಟ್ಟು:
ನಮ್ಮ ತಂದೆ ಓದಿದ ಗ್ರಾಮರ್ ಪುಸ್ತಕ ಬೈಂಡ್ ಹಾಕಿಸಿ ಇಟ್ಟಿದ್ದೇನೆ. ಪಕ್ಕದಲ್ಲೇ ದಪ್ಪ ಡಿಕ್ಷನರಿ, ಇನ್ನೊಂದು ಯೂಸೇಜ್ ಪುಸ್ತಕ. ಶೆಲ್ಫ್ ಫೋಟೋ ಹಾಕಲಾ?

ಮಲ್ಲಿಗೆಬಳ್ಳಿ:
ಫೋಟೋ ಬೇಕಿರುವುದು ಪ್ರಶ್ನೆಪತ್ರಿಕೆಯದ್ದು.

ತುಂಗಾತೀರ:
ಲೆಟ್ ಅಸ್ ಎಲ್ಲ ಒಂದೇ ಥರ ಅಲ್ವಾ, ಇರಲಿ. ವಾಕ್ಯ ಇದು: ದಿ ಬಾಯ್ಸ್ ಸೆಡ್ ಟು ದಿ ಟೀಚರ್, 'ಲೆಟ್ ಅಸ್ ಗೋ ಹೋಮ್, ಸರ್.'

ಮಲ್ಲಿಗೆಬಳ್ಳಿ:
ಅಯ್ಯೋ, ಮೇಷ್ಟ್ರನ್ನೂ ಮನೆಗೆ ಕರೆದುಕೊಂಡು ಹೋಗುತ್ತಾರಾ? ಇದು ಸಲಹೆ ಅಲ್ಲ. ಅನುಮತಿ ಕೇಳುತ್ತಿದ್ದಾರೆ. 'ದಿ ಬಾಯ್ಸ್ ರಿಕ್ವೆಸ್ಟೆಡ್ ದಿ ಟೀಚರ್ ಟು ಲೆಟ್ ದೆಮ್ ಗೋ ಹೋಮ್.' ಲೆಟ್ಸ್ ಅಂತ ಮೊಟಕಾಗಿದ್ದರೆ ಸಲಹೆ ಅಂತ ಕಣ್ಣುಮುಚ್ಚಿ ಹೇಳಬಹುದು. ಲೆಟ್ ಅಸ್ ಅಂತ ಬಿಡಿಸಿ ಬರೆದಿದ್ದರೆ ಯಾರು ಯಾರಿಗೆ ಹೇಳಿದ್ದು ನೋಡಬೇಕು.

ಗ್ರಾಮರ್‌ಗುಂಡ:
ನಾನೂ ಅದನ್ನೇ ಹೇಳಿದ್ದು.

ಹಳೇರಟ್ಟು:
ನೀವು ಹೇಳಿದ್ದು 'ವಿ', 'ದೆ' ಕಥೆ.

ತುಂಗಾತೀರ:
ಜಗಳ ಆಮೇಲೆ. ಅದೇ ಪೇಪರ್‌ನಲ್ಲಿ ಡಾಕ್ಟರ್ ವಾಕ್ಯಕ್ಕೂ ಸೊನ್ನೆ. ರವಿ ಸೆಡ್ ಟು ಕಿರಣ್, 'ವೈ ಡೋಂಟ್ ಯು ಸೀ ಎ ಡಾಕ್ಟರ್?' ಇವಳು 'ಆಸ್ಕ್ಡ್ ವೈ' ಅಂತ ಬರೆದಿದ್ದಾಳೆ.

ಗ್ರಾಮರ್‌ಗುಂಡ:
ಪ್ರಶ್ನಾರ್ಥಕ ಚಿಹ್ನೆ ಇದೆಯಲ್ಲ, ಆಸ್ಕ್ಡ್ ಸರಿಯೇ. ಹೋಗಿ ಲೆಕ್ಚರರ್‌ನ ಕೇಳಿ.

ಹಳೇರಟ್ಟು:
ಸುಮ್ನೆ ಹೋಗಿ ಬೈಸಿಕೊಳ್ಳಬೇಡಿ! ಚಿಹ್ನೆ ಇದ್ದರೂ ಅದು ಸಲಹೆ. 'ರವಿ ಅಡ್ವೈಸ್ಡ್ ಕಿರಣ್ ಟು ಸೀ ಎ ಡಾಕ್ಟರ್.' ಅಡ್ವೈಸ್ಡ್ ಇದ್ದರೆ ಹೀಗೆ ಟು ಹಾಕಬಹುದು. ಸಜೆಸ್ಟೆಡ್ ಹಾಕುವುದಾದರೆ 'ದಟ್ ಹಿ ಶುಡ್ ಸೀ'.

ಗ್ರಾಮರ್‌ಗುಂಡ:
ಈಗ ಶುಡ್ ಬೇಕಾಯಿತಾ?