ಒಂದೇ ನಾಟಕ, ಎರಡು ಭಾಷೆ, ಅದೇ ನಟರು: ಮಿರಿಯಂ ಕೊಲೋನ್ ಅವರ ರಂಗಕೆಲಸದ ಬಗ್ಗೆ ಪ್ರಶ್ನೆ

ಪ್ರಶ್ನೆ – ರಂಗಾಸಕ್ತ

ಕೆರಿಬಿಯನ್ ದ್ವೀಪ ಪ್ಯೂರ್ಟೊ ರಿಕೊದ ನಟಿ ಮಿರಿಯಂ ಕೊಲೋನ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು 1983ರ ಸಿನಿಮಾ ‘ಸ್ಕಾರ್‌ಫೇಸ್’ನಲ್ಲಿ ಅಲ್ ಪಚಿನೊನ ತಾಯಿಯ ಪಾತ್ರ. ನನ್ನ ಕುತೂಹಲ ಬೇರೆ ಕಡೆಗೆ. ನ್ಯೂಯಾರ್ಕಿನಲ್ಲಿ 1967ರಲ್ಲಿ ಅವರು ಕಟ್ಟಿದ ಪ್ಯೂರ್ಟೊ ರಿಕನ್ ಟ್ರಾವೆಲಿಂಗ್ ಥಿಯೇಟರ್, ಒಂದೇ ನಾಟಕವನ್ನು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಆಡುತ್ತಿತ್ತು. ಎರಡೂ ಭಾಷೆ ಬಲ್ಲ ನಟರೇ ಎರಡಕ್ಕೂ. ಟಿವಿ, ಸಿನಿಮಾದಲ್ಲಿ ಕೆಲಸವಿದ್ದ ನಟಿ ಈ ದಾರಿ ಹಿಡಿದದ್ದೇಕೆ? ಹೀಗೆ ಎರಡು ಭಾಷೆಯಲ್ಲಿ ಆಡಿಸುವಾಗ ತಾಲೀಮು ಹೇಗೆ ನಡೆಸಬೇಕು, ಎಲ್ಲಿ ಎಡವುತ್ತಾರೆ?

ಉತ್ತರ – ನೇಪಥ್ಯ

ಕೆಲಸವಿತ್ತು ನಿಜ, ಎಂಥ ಕೆಲಸ ಅನ್ನುವುದನ್ನೂ ನೋಡಿ. 1936ರಲ್ಲಿ ಪ್ಯೂರ್ಟೊ ರಿಕೊದ ಪೊನ್ಸೆಯಲ್ಲಿ ಹುಟ್ಟಿದ ಅವರು ನ್ಯೂಯಾರ್ಕಿಗೆ ಬಂದು ಹೆಸರಾಂತ ನಟನಾ ಸಂಸ್ಥೆ ಆಕ್ಟರ್ಸ್ ಸ್ಟುಡಿಯೊ ಸೇರಿದ ಮೊದಲ ಪ್ಯೂರ್ಟೊ ರಿಕನ್. ಅಷ್ಟು ತಯಾರಾದ ನಟಿಗೆ ಟಿವಿಯ ಕೌಬಾಯ್ ಧಾರಾವಾಹಿಗಳಲ್ಲಿ ಸಿಗುತ್ತಿದ್ದದ್ದು ಬಹುಪಾಲು ಚಿಕ್ಕಪುಟ್ಟ ಪಾತ್ರ. ಪಚಿನೊ ಕೊಲೋನ್ ಅವರಿಗಿಂತ ನಾಲ್ಕೇ ವರ್ಷಕ್ಕೆ ಕಿರಿಯ, ಆದರೂ ಕೊಲೋನ್ ಅವರಿಗೆ ಅವನ ತಾಯಿಯ ಪಾತ್ರ ಬಂತು.

ತಿರುವು ಬಂದದ್ದು ಪ್ಯೂರ್ಟೊ ರಿಕೊದ ನಾಟಕಕಾರ ರೆನೆ ಮಾರ್ಕೆಸ್ ಅವರ ‘ಲಾ ಕರ್ರೇಟಾ’ದಿಂದ. ಒಂದು ಬಡ ಕುಟುಂಬ ಬೆಟ್ಟದ ಹಳ್ಳಿ ಬಿಟ್ಟು ರಾಜಧಾನಿ ಸಾನ್ ಹುವಾನ್‌ನ ಕೊಳೆಗೇರಿಗೆ, ಅಲ್ಲಿಂದ ನ್ಯೂಯಾರ್ಕಿನ ಬ್ರಾಂಕ್ಸ್‌ಗೆ ಬರುವ ಕತೆ. ಮೂರು ಊರಿಗೆ ಮೂರು ಅಂಕ. 1966ರಲ್ಲಿ ಇದು ಬ್ರಾಡ್‌ವೇಯ ದೊಡ್ಡ ರಂಗಮಂದಿರಗಳ ಹೊರಗಿನ ಚಿಕ್ಕ ರಂಗಮಂದಿರಗಳ ವಲಯವಾದ ಆಫ್-ಬ್ರಾಡ್‌ವೇಯಲ್ಲಿ ಇಂಗ್ಲಿಷಿನಲ್ಲಿ ನಡೆಯಿತು, ಕೊಲೋನ್ ಮತ್ತು ನಟ ರೌಲ್ ಹೂಲಿಯಾ ಇಬ್ಬರೂ ಇದ್ದರು. ಇದು ಯಾರ ಬದುಕಿನ ಕತೆಯೋ ಅವರು ಟಿಕೆಟ್ ಕೊಂಡು ರಂಗಮಂದಿರಕ್ಕೆ ಬರುವವರಲ್ಲ. ಮರುವರ್ಷದ ಬೇಸಿಗೆಯಲ್ಲಿ ನಾಟಕವೇ ಅವರ ಬಡಾವಣೆಗಳಿಗೆ ಹೋಯಿತು, ಉಚಿತವಾಗಿ. ಆಮೇಲೆ 1970ರ ದಶಕದಲ್ಲಿ ಪಶ್ಚಿಮ 47ನೇ ಬೀದಿಯ ಹಳೆಯ ಅಗ್ನಿಶಾಮಕ ಠಾಣೆ ಅವರ ರಂಗಮಂದಿರವಾಯಿತು. ಬ್ರಾಡ್‌ವೇಯ ಮಗ್ಗುಲಲ್ಲೇ ಸ್ಪ್ಯಾನಿಷ್ ನಾಟಕ! ಎಳೆಯರಿಗೆ ನಟನೆ ಕಲಿಸುವ ಘಟಕವನ್ನೂ ನಡೆಸಿದರು. ತಂಡ ಬದುಕುಳಿದದ್ದಕ್ಕೆ ಈ ಘಟಕವೂ ಒಂದು ಕಾರಣ ಎಂದು ನನ್ನ ಎಣಿಕೆ: ಎರಡೂ ಭಾಷೆಯಲ್ಲಿ ನಿಲ್ಲಬಲ್ಲ ನಟರು ಸಿದ್ಧವಾಗಿ ಸಿಗುವುದಿಲ್ಲ, ಬೆಳೆಸಿಕೊಳ್ಳಬೇಕು. 2014ರಲ್ಲಿ ತಂಡ ಬ್ರಾಂಕ್ಸ್‌ನ ಪ್ರೆಗೋನೆಸ್ ನಾಟಕ ತಂಡದ ಜೊತೆ ಒಂದಾಯಿತು. ಕೊಲೋನ್ 2017ರಲ್ಲಿ ತೀರಿಕೊಂಡರು.

ಉತ್ತರ – ತಾಲೀಮುಮನೆ

ತಾಲೀಮಿನ ವಿಷಯಕ್ಕೆ ಬರುತ್ತೇನೆ. ಇದು ಎರಡು ಭಾಷೆಯ ಯಾವ ತಂಡಕ್ಕೂ ಅನ್ವಯ.

ನಾಟಕ ಮೂಲದಲ್ಲಿ ಯಾವ ಭಾಷೆಯದೋ ಅದರಲ್ಲೇ ಮೊದಲು ಗಟ್ಟಿಯಾಗಿ ನಿಲ್ಲಿಸಿ. ಐದು ವಾರ ಇದ್ದರೆ ಮೂರು ಅದಕ್ಕೇ ಹೋಗಲಿ. ಎರಡನ್ನೂ ಒಟ್ಟಿಗೆ ಕಲಿಸಲು ಹೋದರೆ ನಟ ಪಾತ್ರವನ್ನು ಬಿಟ್ಟು ಮನಸ್ಸಿನಲ್ಲೇ ಅನುವಾದ ಮಾಡುತ್ತಾ ನಿಲ್ಲುತ್ತಾನೆ, ಕಣ್ಣಿನಲ್ಲೇ ಗೊತ್ತಾಗುತ್ತದೆ. ಎರಡನೇ ಭಾಷೆಗೆ ಬಂದಾಗ ಚಲನೆ ಬದಲಿಸಬೇಡಿ; ಮೈಗೆ ಗೊತ್ತಿರುವ ಜಾಗವೇ ಮಾತನ್ನು ನೆನಪಿಸುತ್ತದೆ.

ನಾಲಿಗೆ ಜಾರುವುದು ಉದ್ದ ಮಾತಿನಲ್ಲಲ್ಲ. ‘ಹೌದು’, ‘ಬಾ’, ‘ತಡಿ’ ಇಂಥ ಗೇಣುದ್ದದ ಉತ್ತರಗಳಲ್ಲಿ, ಇಲ್ಲವೇ ಏನಾದರೂ ಕೆಳಗೆ ಬಿದ್ದು ತಕ್ಷಣ ಮಾತು ಹೊಂದಿಸಬೇಕಾದಾಗ. ಅದಕ್ಕೆ ಪ್ರದರ್ಶನಕ್ಕೆ ಮುಂಚೆ ಆ ದಿನದ ಭಾಷೆಯಲ್ಲಿ, ಕೂತಲ್ಲೇ, ಭಾವ ಬಿಟ್ಟು ಇಡೀ ನಾಟಕದ ಮಾತನ್ನು ವೇಗವಾಗಿ ಒಪ್ಪಿಸಿಕೊಳ್ಳಬೇಕು. ಕೊನೆಯ ಅರ್ಧ ಗಂಟೆ ಬಣ್ಣದ ಮನೆಯ ಹರಟೆಯೂ ಅದೇ ಭಾಷೆಯಲ್ಲಿರಲಿ. ದಿನ ಬಿಟ್ಟು ದಿನ ಭಾಷೆ ಬದಲಿಸುವುದು ಎಲ್ಲಕ್ಕಿಂತ ಕಷ್ಟ. ಹೊಸ ತಂಡ ವಾರಕ್ಕೊಂದು ಭಾಷೆ ಇಟ್ಟುಕೊಳ್ಳಲಿ.

ಬೆಳಕಿನ ಕ್ಯೂ (ದೀಪ ಬದಲಿಸುವ ಸೂಚನೆ) ಕೊಡುವವರಿಗೆ ಒಂದು ಮಾತು: ಪದಕ್ಕೆ ಕ್ಯೂ ಕಟ್ಟಬೇಡಿ. ಇಂಗ್ಲಿಷಿನಲ್ಲಿ ವಾಕ್ಯದ ಕೊನೆಗೆ ಬಂದ ಪದ ಸ್ಪ್ಯಾನಿಷಿನಲ್ಲಿ ನಡುವೆ ಕೂತಿರುತ್ತದೆ, ದೀಪ ಬೇಗ ಆರುತ್ತದೆ. ಬಾಗಿಲು ತೆರೆದದ್ದು, ಲೋಟ ಇಟ್ಟದ್ದು, ಹೀಗೆ ಕ್ರಿಯೆಗೆ ಕಟ್ಟಿ. ಸ್ಪ್ಯಾನಿಷ್ ಪಠ್ಯ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಉದ್ದ. ನಟರನ್ನು ಓಡಿಸಬೇಡಿ, ಅನುವಾದವನ್ನು ಕತ್ತರಿಸಿ.

ಪ್ರಶ್ನೆ – ರಂಗಾಸಕ್ತ

ತುಂಬಾ ಉಪಯೋಗವಾಯಿತು, ಇಬ್ಬರಿಗೂ ಧನ್ಯವಾದ. ಬೀದಿ, ಪಾರ್ಕುಗಳಲ್ಲಿ ಆಡುವಾಗ ಇದರಲ್ಲಿ ಏನು ಬದಲಾಗುತ್ತದೆ?

ಉತ್ತರ – ನೇಪಥ್ಯ

ಮುಖ್ಯವಾಗಿ ಬೆಳಕು ಮತ್ತು ಧ್ವನಿ. ನ್ಯೂಯಾರ್ಕಿನಲ್ಲಿ ಜೂನ್ ಕೊನೆಗೆ ಸೂರ್ಯ ಮುಳುಗುವುದು ಸುಮಾರು 8:30ಕ್ಕೆ, ಆಗಸ್ಟ್ ಕೊನೆಗೆ 7:30ರ ಆಸುಪಾಸು. ಹಾಗಾಗಿ ಅದೇ 7:30ರ ಆಟ ಜೂನ್‌ನಲ್ಲಿ ಹಗಲಲ್ಲಿ ಶುರುವಾಗುತ್ತದೆ, ಆಗಸ್ಟ್‌ನಲ್ಲಿ ಮೊದಲ ದೃಶ್ಯಕ್ಕೇ ದೀಪ ಬೇಕಾಗುತ್ತದೆ. ವೇದಿಕೆ ನಿಲ್ಲಿಸುವಾಗ ಪ್ರೇಕ್ಷಕರ ಕಣ್ಣಿಗೆ ಪಡುವಣ ಬಿಸಿಲು ಬೀಳದಂತೆ ನೋಡಿಕೊಳ್ಳಿ.

ಬಯಲಲ್ಲಿ ಧ್ವನಿ ಹಿಂದಿರುಗಿಸುವ ಗೋಡೆಯಿಲ್ಲ. ಬೆನ್ನು ತಿರುಗಿಸಿ ಆಡಿದ ಮಾತು ಸತ್ತುಹೋಗುತ್ತದೆ. ಬಸ್ಸು ಹಾದುಹೋದರೆ ನಿಂತು, ಅದು ಹೋದ ಮೇಲೆ ಆ ಸಾಲನ್ನೇ ಮತ್ತೆ ಹೇಳುವ ಅಭ್ಯಾಸ ತಾಲೀಮಿನಲ್ಲೇ ಆಗಿರಬೇಕು. ಜನ ನಡುವೆ ಬರುತ್ತಾರೆ, ಹೋಗುತ್ತಾರೆ. ವಿರಾಮವಿಲ್ಲದೆ 90 ನಿಮಿಷದೊಳಗೆ ಮುಗಿಸುವುದು ಒಳ್ಳೆಯದು. ವಿರಾಮ ಕೊಟ್ಟರೆ ಅರ್ಧ ಜನ ಮನೆಗೆ.

ಉತ್ತರ – ತಾಲೀಮುಮನೆ

ಒಂದು ಸೇರಿಸುತ್ತೇನೆ. ‘ಸ್ಪ್ಯಾನಿಷ್’ ಎಂದು ಒಂದೇ ಭಾಷೆ ಇದೆ ಅಂದುಕೊಂಡರೆ ಕೆಡುತ್ತದೆ. ‘ಗ್ವಾಗ್ವಾ’ ಅಂದರೆ ಪ್ಯೂರ್ಟೊ ರಿಕೊದಲ್ಲಿ ಬಸ್ಸು, ಚಿಲಿಯಲ್ಲಿ ಕೂಸು. ‘ಅಹೋರೀತಾ’ ಮೆಕ್ಸಿಕೊದವರಿಗೆ ‘ಈಗಲೇ’, ಪ್ಯೂರ್ಟೊ ರಿಕೊದವರಿಗೆ ‘ಆಮೇಲೆ’. ಮಾರ್ಕೆಸ್ ತಮ್ಮ ಪಾತ್ರಗಳಿಗೆ ಹೀಬಾರೊ (ಪ್ಯೂರ್ಟೊ ರಿಕೊದ ಬೆಟ್ಟದ ಹಳ್ಳಿಗಳ) ರೈತರ ಆಡುಮಾತನ್ನೇ, ಪದಾಂತ್ಯ ನುಂಗುವ ಉಚ್ಚಾರಣೆಯ ಸಮೇತ ಬರೆದಿದ್ದಾರೆ. ಬೇರೆ ದೇಶದ ನಟರಿದ್ದರೆ ಮೊದಲ ವಾರವೇ ಎಲ್ಲರೂ ಕೂತು ಉಚ್ಚಾರಣೆ ಹೊಂದಿಸಿಕೊಳ್ಳಬೇಕು, ಇಲ್ಲವಾದರೆ ಒಂದೇ ಮನೆಯ ಅಮ್ಮ, ಮಗ ಎರಡು ದೇಶದವರಂತೆ ಕೇಳಿಸುತ್ತಾರೆ. ಇಂಗ್ಲಿಷ್ ಆಟದಲ್ಲಿ ಆ ಹಳ್ಳಿಸೊಗಡು ತರಲು ಅಮೆರಿಕದ ಇನ್ನಾವುದೋ ಪ್ರಾಂತ್ಯದ ರಾಗ ಅಂಟಿಸಬೇಡಿ. ಸರಳ ಇಂಗ್ಲಿಷ್, ಚಿಕ್ಕ ವಾಕ್ಯ, ಅಷ್ಟು ಸಾಕು.